ತೋಳುದ್ದದ ಜುಕಿನಿ ಬೆಳೆಯಲು ಬೀಜ ಯಾವುದು?

ಪ್ರಶ್ನೆ: ನಮ್ಮದು ಬೈಲಹೊಂಗಲ ತಾಲ್ಲೂಕಿನ ಹಳ್ಳಿ. ಎರೆ ಭೂಮಿ, ಬೋರ್‌ವೆಲ್ ನೀರಿದೆ. ಹೋದ ವರ್ಷ ಬೆಳಗಾವಿ ಹತ್ತಿರ ಪರಿಚಯದವರ ಹೊಲದಲ್ಲಿ ಕೊಯ್ಯದೆ ಉಳಿದಿದ್ದ ಒಂದು ಜುಕಿನಿ ತೋಳುದ್ದ ಬೆಳೆದಿತ್ತು. ಅದರ ಬೀಜ ತಂದು ಒಣಗಿಸಿ ಮಾರ್ಚ್ ಕೊನೆಯಲ್ಲಿ ಹಿತ್ತಲಿನಲ್ಲಿ ಊರಿದೆ. ಎಂಟು ಗಿಡ ಬಂದವು. ಒಂದರ ಕಾಯಿ ಗುಂಡಗಿದೆ, ಇನ್ನೊಂದರ ಮೇಲೆ ಹಳದಿ ಪಟ್ಟೆಗಳಿವೆ, ಯಾವುದೂ ಆ ದೊಡ್ಡ ಕಾಯಿಯಂತಿಲ್ಲ. ಬಹಳಷ್ಟು ಹೀಚು ಹೆಬ್ಬೆರಳಿನಷ್ಟಾಗುವ ಹೊತ್ತಿಗೆ ತುದಿ ಹಳದಿಯಾಗಿ ಕೊಳೆತವು. ಒಂದು ಗಿಡದ ಕಾಯಿ ಪಲ್ಯ ಮಾಡಿದರೆ ಬಾಯಿಗಿಡಲಾಗದಷ್ಟು ಕಹಿ. ಪಕ್ಕದ ಹಾಗಲ ಬಳ್ಳಿಯಿಂದ ಹೀಗಾಯಿತು ಎಂದು ಅತ್ತೆಯವರು ಹೇಳುತ್ತಾರೆ. ಔಷಧದ ಅಂಗಡಿಯವರು ಜಿಬ್ಬರೆಲಿಕ್ ಆಮ್ಲ ಎಂಬ ಬೆಳವಣಿಗೆ ಚೋದಕ ಸಿಂಪಡಿಸಿದರೆ ಕಾಯಿ ದೊಡ್ಡದಾಗುತ್ತದೆ ಎನ್ನುತ್ತಾರೆ. ಮಗ ಮೊಬೈಲ್‌ನಲ್ಲಿ ‘ದೈತ್ಯ ಜುಕಿನಿ’ ಎಂಬ ವಿದೇಶಿ ಬೀಜದ ಪೊಟ್ಟಣ ತೋರಿಸಿ ತರಿಸಲೇ ಎಂದು ಕೇಳುತ್ತಿದ್ದಾನೆ. ಮುಂದಿನ ಫಲಪುಷ್ಪ ಪ್ರದರ್ಶನಕ್ಕೆ ಒಂದು ದೊಡ್ಡ ಕಾಯಿ ಒಯ್ಯಬೇಕೆಂಬ ಆಸೆ ನನ್ನದು. ಸರಿಯಾದ ಬೀಜ ಯಾವುದು, ಎಲ್ಲಿ ಹುಡುಕಲಿ?

ಉತ್ತರ: ಅಕ್ಕನವರೇ, ನೀವು ಕೇಳಿರುವುದು ಬೀಜದ ಬಗ್ಗೆ. ಆದರೆ ಕಹಿ ಕಾಯಿಯ ಮಾತು ತಡಮಾಡುವಂಥದ್ದಲ್ಲ, ಅದನ್ನೇ ಮೊದಲು ಹೇಳುತ್ತೇನೆ. ಆ ಒಂದು ಗಿಡವನ್ನು ಇಂದೇ ಕಿತ್ತು ತಿಪ್ಪೆಗೆ ಹಾಕಿ. ಅದರ ಕಾಯಿಯನ್ನು ಮನೆಯಲ್ಲಿ ಯಾರೂ ತಿನ್ನಬಾರದು, ದನಕರುಗಳಿಗೂ ಹಾಕಬಾರದು, ಬೀಜವನ್ನಂತೂ ಇಟ್ಟುಕೊಳ್ಳಲೇಬಾರದು. ಕುಂಬಳ ಕುಟುಂಬದ ಗಿಡಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷವಸ್ತುಗಳಿರುತ್ತವೆ. ತಲೆಮಾರುಗಳಿಂದ ಆರಿಸಿ ಬೆಳೆಸಿದ ಊಟದ ತಳಿಗಳಲ್ಲಿ ಅದು ಕಾಯಿಯಲ್ಲಿ ಇಲ್ಲದಷ್ಟು ಕಡಿಮೆಯಾಗಿದೆ. ಕಾಡು ಜಾತಿಗಳಲ್ಲೂ ಅಲಂಕಾರಕ್ಕೆಂದು ಬೆಳೆಯುವ ಪುಟ್ಟ ಕುಂಬಳಗಳಲ್ಲೂ ಹಾಗೆಯೇ ಉಳಿದಿದೆ. ಬೇಯಿಸಿದರೆ, ಹುರಿದರೆ, ಉಪ್ಪು ಹಚ್ಚಿ ಹಿಂಡಿದರೆ ಅದು ಹೋಗುವುದಿಲ್ಲ. ತಿಂದವರಿಗೆ ವಾಂತಿ, ಹೊಟ್ಟೆನೋವು, ಭೇದಿ, ಕೆಲವೊಮ್ಮೆ ರಕ್ತಭೇದಿ, ರಕ್ತದೊತ್ತಡ ಕುಸಿತ ಆಗುತ್ತವೆ. 2015ರಲ್ಲಿ ಜರ್ಮನಿಯಲ್ಲಿ ಮನೆಯಲ್ಲೇ ಬೆಳೆದ ಕಹಿ ಜುಕಿನಿಯ ಅಡುಗೆ ಉಂಡ 79 ವರ್ಷದ ಹಿರಿಯರೊಬ್ಬರು ತೀರಿಹೋದರು. ನಮ್ಮ ದೇಶದಲ್ಲೂ ಕಹಿ ಸೋರೆಕಾಯಿಯ ರಸ ಕುಡಿದು ಸಾವುಗಳಾದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ಮಾಡಿ, ಕಹಿ ಎನಿಸಿದರೆ ಕುಡಿಯಲೇಬೇಡಿ ಎಂದು ಎಚ್ಚರಿಸಿತು. ನೀವು ಒಂದು ತುತ್ತಿಗೇ ಬಿಟ್ಟಿರಿ, ಅದು ಒಳ್ಳೆಯದಾಯಿತು. ಉಂಡವರಿಗೆ ಯಾರಿಗಾದರೂ ವಾಂತಿ ಭೇದಿ ಶುರುವಾಗಿದ್ದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಿ, ಏನು ತಿಂದಿರಿ ಎಂಬುದನ್ನು ವೈದ್ಯರಿಗೆ ಹೇಳಿ.

ಉಳಿದ ಏಳು ಗಿಡಗಳಿಗೂ ಒಂದು ನಿಯಮ ಇಟ್ಟುಕೊಳ್ಳಿ. ಪ್ರತಿ ಗಿಡದ ಮೊದಲ ಕಾಯಿ ಕೊಯ್ದಾಗ ತುದಿಯಿಂದ ಉಗುರಿನಷ್ಟು ಚೂರು ಹಸಿಯಾಗಿಯೇ ನಾಲಿಗೆಗೆ ಮುಟ್ಟಿಸಿ ನೋಡಿ, ಕಹಿ ಎನಿಸಿದರೆ ಉಗುಳಿ ಬಾಯಿ ತೊಳೆದುಕೊಳ್ಳಿ, ಗಿಡ ಕಿತ್ತುಬಿಡಿ. ಕೂಡಿಟ್ಟ ಬೀಜದಿಂದ ಬೆಳೆದ ಜುಕಿನಿಗೆ ಈ ಪರೀಕ್ಷೆ ಯಾವತ್ತೂ ತಪ್ಪಬಾರದು.

ಹಾಗಲ ಬಳ್ಳಿಯ ಮೇಲಿನ ಆರೋಪ ನಿಜವಲ್ಲ. ಅತ್ತೆಯವರ ಮಾತನ್ನು ತಳ್ಳಿಹಾಕುತ್ತಿದ್ದೇನೆ ಎಂದುಕೊಳ್ಳಬೇಡಿ, ನಮ್ಮ ಭಾಗದ ಹೊಲಗಳಲ್ಲಿ ಅನುಭವಿ ರೈತರೂ ಹೀಗೇ ಹೇಳುವುದನ್ನು ಕೇಳಿದ್ದೇನೆ. ಆದರೆ ಹಾಗಲ, ಹೀರೆ, ಸವತೆ, ಹಾಲುಗುಂಬಳ ಇವೆಲ್ಲ ಜುಕಿನಿಗೆ ದೂರದ ನೆಂಟರು. ಇವುಗಳ ಪರಾಗ ಜುಕಿನಿಯ ಹೂವಿನ ಮೇಲೆ ಬಿದ್ದರೂ ಬೀಜ ಕಟ್ಟುವುದಿಲ್ಲ. ನಾವು ಹೋಳಿಗೆಗೂ ಪಲ್ಯಕ್ಕೂ ಬಳಸುವ ಸಿಹಿಗುಂಬಳ ಕೂಡ ಬೇರೆಯೇ ಪ್ರಭೇದ, ಹೊಲದಲ್ಲಿ ಅದು ಜುಕಿನಿಯೊಂದಿಗೆ ತಾನಾಗಿ ಬೆರೆಯುವುದು ತೀರ ಅಪರೂಪ. ಜುಕಿನಿ ಸುಲಭವಾಗಿ ಬೆರೆಯುವುದು ತನ್ನದೇ ಪ್ರಭೇದವಾದ ಕುಕುರ್ಬಿಟಾ ಪೆಪೊ ಒಳಗಿನವರ ಜೊತೆ: ಹಳದಿ ಜುಕಿನಿ, ತಟ್ಟೆಯಾಕಾರದ ಪ್ಯಾಟಿಪ್ಯಾನ್, ಉತ್ತರ ಭಾರತದವರು ಚಪ್ಪನ್ ಕದ್ದು ಎನ್ನುವ ಕಾಯಿಗಳು, ಮತ್ತು ಆ ಅಲಂಕಾರಿಕ ಕುಂಬಳಗಳು.

ಇನ್ನೊಂದು ವಿಷಯವನ್ನು ಜನ ಬಹಳ ತಪ್ಪು ತಿಳಿಯುತ್ತಾರೆ. ಈ ವರ್ಷ ಯಾವ ಗಿಡದ ಪರಾಗ ಬಂದು ಬಿತ್ತು ಎಂಬುದರಿಂದ ಈ ವರ್ಷದ ಕಾಯಿಯ ರುಚಿ ಬದಲಾಗುವುದಿಲ್ಲ. ಕಾಯಿಯ ತಿರುಳು ಪೂರ್ತಿ ತಾಯಿಗಿಡದ್ದು. ಬೆರಕೆ ಆಗುವುದು ಒಳಗಿನ ಬೀಜದಲ್ಲಿ ಮಾತ್ರ, ಅದು ಕಣ್ಣಿಗೆ ಕಾಣುವುದು ಆ ಬೀಜ ಊರಿ ಬೆಳೆದ ಮುಂದಿನ ಗಿಡದಲ್ಲಿ. ನೀವು ತಂದ ತೋಳುದ್ದದ ಕಾಯಿ ಸಿಹಿಯಾಗಿಯೇ ಇದ್ದಿರಬೇಕು, ಅದರ ಮಗಳು ಕಹಿಯಾದಳು. ಆ ಹೊಲದ ಆಸುಪಾಸಿನಲ್ಲಿ ಯಾರೋ ಅಲಂಕಾರಿಕ ಕುಂಬಳ ಹಾಕಿದ್ದರೆ ಜೇನುನೊಣ ಅಲ್ಲಿಂದ ಇಲ್ಲಿಗೆ ಪರಾಗ ತಂದಿರುತ್ತದೆ. ಅಪರೂಪಕ್ಕೆ ಒಂದು ಗಿಡದಲ್ಲಿ ಹಳೆಯ ಕಹಿ ಗುಣ ತಾನಾಗಿ ತಲೆಯೆತ್ತುವುದೂ ಉಂಟು. ಬಿಸಿಲು, ನೀರಿನ ಕೊರತೆ ಆ ಗುಣ ಇರುವ ಗಿಡದಲ್ಲಿ ಕಹಿಯನ್ನು ಇನ್ನೂ ಹೆಚ್ಚಿಸುತ್ತವೆ.

ಕಾಯಿಗಳು ಗುಂಡಗೆ, ಪಟ್ಟೆಪಟ್ಟೆಯಾಗಿ ಬಂದದ್ದಕ್ಕೂ ಇಲ್ಲೇ ಉತ್ತರವಿದೆ. ಬೆಳಗಾವಿ ಸುತ್ತ ಮಾರಾಟಕ್ಕೆ ಜುಕಿನಿ ಬೆಳೆಯುವವರು ಹೆಚ್ಚಾಗಿ ಹೈಬ್ರಿಡ್ ಬೀಜ ಬಳಸುತ್ತಾರೆ. ಹೈಬ್ರಿಡ್ ಎಂದರೆ ಎರಡು ಬೇರೆ ಬೇರೆ ಶುದ್ಧ ವಂಶಗಳನ್ನು ಕೂಡಿಸಿ ಪಡೆದ ಮೊದಲ ತಲೆಮಾರು. ಆ ತಲೆಮಾರಿನ ಗಿಡಗಳೆಲ್ಲ ಒಂದೇ ಅಚ್ಚಿನಲ್ಲಿ ಬರುತ್ತವೆ. ಅದರ ಕಾಯಿಯ ಬೀಜ ಹಾಕಿದಾಗ ಎರಡೂ ಕಡೆಯ ಗುಣಗಳು ಬಿಡಿಬಿಡಿಯಾಗಿ ಹೊರಬೀಳುತ್ತವೆ. ಹೊರಗಿನ ಪರಾಗವೂ ಸೇರಿದ್ದರೆ ಚಿತ್ರ ಇನ್ನಷ್ಟು ಕದಡುತ್ತದೆ. ನಿಮ್ಮ ಕೈಯಲ್ಲಿ ದೋಷವಿಲ್ಲ, ಆ ಬೀಜದಿಂದ ತಾಯಿಯಂಥ ಕಾಯಿ ಬರುವುದೇ ಆಕಸ್ಮಿಕವಾಗುತ್ತಿತ್ತು. ಪಾಲಿಹೌಸ್‌ಗೆಂದೇ ಮಾಡಿದ ಕೆಲವು ತಳಿಗಳು ಪರಾಗಸ್ಪರ್ಶವೇ ಇಲ್ಲದೆ ಕಾಯಿ ಬಿಡುತ್ತವೆ, ಹಾಗೆ ಬಿಟ್ಟ ಕಾಯಿಯಲ್ಲಿ ಮೊಳೆಯುವ ಬೀಜವೇ ಇರುವುದಿಲ್ಲ. ಮಾರುಕಟ್ಟೆಯ ಎಳೆಯ ಜುಕಿನಿಯ ಬೀಜ ಒಣಗಿಸಿಡುವವರಿಗೂ ಇದೇ ನಿರಾಶೆ, ಬಲಿಯದ ಬೀಜ ಮೊಳೆಯದು.

ಈಗ ದೊಡ್ಡ ಕಾಯಿಯ ಗುಟ್ಟು. ಆ ತೋಳುದ್ದದ ಕಾಯಿ ಯಾವುದೋ ವಿಶೇಷ ತಳಿಯದ್ದು ಎಂದು ನೀವು ಎಣಿಸಿದ್ದೀರಿ. ಅಲ್ಲ, ಅದು ಕೊಯ್ಯಲು ಮರೆತ ಕಾಯಿ. ಜುಕಿನಿಯನ್ನು ಹೂ ಅರಳಿದ ನಾಲ್ಕರಿಂದ ಆರು ದಿನಕ್ಕೆ, 15ರಿಂದ 20 ಸೆಂಟಿಮೀಟರ್ ಇದ್ದಾಗಲೇ ಕೊಯ್ಯುವುದು ರೂಢಿ. ಬೆಳಗಾವಿಯ ತರಕಾರಿ ಕೊಳ್ಳುವ ಗೋವಾದ ಹೋಟೆಲುಗಳಿಗೂ ಅಷ್ಟೇ ಅಳತೆಯ ಮೆತ್ತನೆಯ ಕಾಯಿ ಬೇಕು. ಕೊಯ್ಯದೆ ಬಿಟ್ಟರೆ ಮೂರು ನಾಲ್ಕು ವಾರದಲ್ಲಿ ಅದೇ ಕಾಯಿ ಅರ್ಧ ಮೀಟರ್ ದಾಟಿ ಹಲವು ಕಿಲೋ ತೂಗುತ್ತದೆ, ಸಿಪ್ಪೆ ಗಟ್ಟಿಯಾಗುತ್ತದೆ, ಒಳಗೆ ಬೀಜ ಬಲಿಯುತ್ತದೆ. ಬೀಜ ಬಲಿಯತೊಡಗಿದ ಕಾಯಿಗೆ ಗಿಡ ತನ್ನ ಆಹಾರವನ್ನೆಲ್ಲ ಕೊಡುತ್ತದೆ, ಹೊಸ ಹೀಚುಗಳನ್ನು ಉದುರಿಸುತ್ತದೆ. ಒಂದೇ ಗಿಡದಿಂದ ಬುಟ್ಟಿ ತುಂಬ ಎಳೆಕಾಯಿಯೂ ಬೇಕು, ತೋಳುದ್ದದ ಕಾಯಿಯೂ ಬೇಕು ಎಂದರೆ ಆಗುವುದಿಲ್ಲ. ಮನೆಯ ಪಲ್ಯಕ್ಕೆ ನಾಲ್ಕು ಗಿಡ, ಪ್ರದರ್ಶನಕ್ಕೆ ಮೂರು ಗಿಡ ಎಂದು ಮೊದಲೇ ಬೇರೆ ಮಾಡಿಕೊಳ್ಳಿ.

ನಿಜವಾದ ದೈತ್ಯರೂ ಇದ್ದಾರೆ. ಬ್ರಿಟನ್ನಿನವರು ಬಲಿತ ಇಂಥ ಕಾಯಿಯನ್ನು ಮ್ಯಾರೋ ಎನ್ನುತ್ತಾರೆ. ಅಲ್ಲಿ 2021ರಲ್ಲಿ ತೂಗಿದ ಒಂದು ಮ್ಯಾರೋ 116.4 ಕಿಲೋ ಇತ್ತು. ನಿಮ್ಮ ಮಗ ನೋಡುತ್ತಿರುವ ಚಿತ್ರಗಳು ಅಂಥವೇ ಇರಬಹುದು. ಆ ಗಾತ್ರದ ಹಿಂದೆ ದೊಡ್ಡ ಕಾಯಿಯಿಂದ ದೊಡ್ಡ ಕಾಯಿಗೆ ಕೈಯಾರೆ ಪರಾಗ ಮುಟ್ಟಿಸಿ ವರ್ಷಗಟ್ಟಲೆ ಆರಿಸಿಕೊಂಡು ಬಂದ ವಂಶವಿದೆ. ಜೊತೆಗೆ ಅಲ್ಲಿನ ಬೇಸಿಗೆ ತಂಪು, ಹಗಲು ಹದಿನಾರು ತಾಸಿನಷ್ಟು ಉದ್ದ. ನಮ್ಮಲ್ಲಿ ಅತಿ ಉದ್ದದ ಹಗಲೂ ಹದಿಮೂರು ತಾಸು, ಅದೂ ಮುಂಗಾರು ಮೋಡದ ಜೂನ್‌ನಲ್ಲಿ. ಅದೇ ಬೀಜ ತಂದರೂ ಬೈಲಹೊಂಗಲದಲ್ಲಿ ಅದೇ ತೂಕ ಬರಲಾರದು. ಸಾಧಾರಣ ಒಳ್ಳೆಯ ತಳಿಯನ್ನು ಚೆನ್ನಾಗಿ ಸಾಕಿದರೆ ಅರ್ಧ ಮೀಟರಿನ ಆಚೆಈಚೆ ಉದ್ದ, ಮೂರರಿಂದ ಐದು ಕಿಲೋ ತೂಕ ನಿರೀಕ್ಷಿಸಬಹುದು. ನಮ್ಮ ಜಿಲ್ಲೆಯ ಪ್ರದರ್ಶನದಲ್ಲಿ ಜನ ನಿಂತು ನೋಡುವ ಕಾಯಿ ಅದು.

ಮಗ ತೋರಿಸಿದ ಪೊಟ್ಟಣ ತರಿಸಬೇಡಿ. ಹೊರದೇಶದ ಬೀಜ ನಮ್ಮ ದೇಶದೊಳಗೆ ಬರಲು 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಆಮದು ಪರವಾನಗಿಯೂ ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಅಂಚೆ ಲಕೋಟೆಯಲ್ಲಿ ಬರುವ ಪೊಟ್ಟಣಕ್ಕೆ ಇವೆರಡೂ ಇರುವುದಿಲ್ಲ. 2020ರ ಆಗಸ್ಟ್‌ನಲ್ಲಿ ಕೇಳದೆಯೇ ಬರುತ್ತಿದ್ದ ಅಪರಿಚಿತ ಬೀಜದ ಪೊಟ್ಟಣಗಳ ಬಗ್ಗೆ ಕೇಂದ್ರ ಕೃಷಿ ಸಚಿವಾಲಯ ಎಲ್ಲ ರಾಜ್ಯಗಳನ್ನೂ ಎಚ್ಚರಿಸಿತ್ತು. ಬೀಜದೊಳಗೇ ಕೂತು ಬರುವ ವೈರಸ್ ರೋಗಗಳಿವೆ, ಸ್ಕ್ವಾಷ್ ಮೊಸಾಯಿಕ್ ಅಂಥದ್ದೊಂದು. ನಿಮ್ಮ ಹಿತ್ತಲಿನಿಂದ ಅದು ಸುತ್ತಲಿನ ಸವತೆ, ಕಲ್ಲಂಗಡಿ ಹೊಲಗಳಿಗೆ ಹೋದರೆ ನಷ್ಟ ಊರಿನದ್ದು. ನೀಲಿ ಜುಕಿನಿ, ಕಾಮನಬಿಲ್ಲಿನ ಬಣ್ಣದ ಜುಕಿನಿ ಎಂಬ ಚಿತ್ರಗಳಿರುವ ಅಂಗಡಿಯಾದರೆ ಅದರ ಯಾವ ಮಾತನ್ನೂ ನಂಬಬೇಕಾಗಿಲ್ಲ.

ಹಾಗಾದರೆ ಯಾವುದನ್ನು ಹುಡುಕಬೇಕು? ಬೀಜ ಕೂಡಿಟ್ಟುಕೊಂಡು ವರ್ಷ ವರ್ಷ ಬೆಳೆಯುವ ಆಸೆ ಇದ್ದರೆ ಹೈಬ್ರಿಡ್ ಅಲ್ಲದ, ಜವಾರಿ ಬೀಜದಂತೆ ತನ್ನ ಗುಣವನ್ನೇ ಮರಳಿ ಕೊಡುವ ತಳಿ ಬೇಕು. ಬ್ಲ್ಯಾಕ್ ಬ್ಯೂಟಿ ಅಂಥದ್ದು, ಕಡುಹಸಿರು ಬಣ್ಣದ ಹಳೆಯ ನಂಬಿಕಸ್ಥ ತಳಿ, ಬಿಟ್ಟರೆ ಚೆನ್ನಾಗಿ ದೊಡ್ಡದಾಗುತ್ತದೆ. ನಮ್ಮ ದೇಶದಲ್ಲಿ ಬಹುಕಾಲದಿಂದ ಬೆಳೆಯುತ್ತಿರುವ ಆಸ್ಟ್ರೇಲಿಯನ್ ಗ್ರೀನ್, ಲುಧಿಯಾನಾದ ಕೃಷಿ ವಿಶ್ವವಿದ್ಯಾಲಯದ ಪಂಜಾಬ್ ಚಪ್ಪನ್ ಕದ್ದು-1 ಕೂಡ ಹೀಗೇ. ಇಟಲಿಯ ಗೆರೆಗೆರೆ ಮೈಯ ಕೋಸ್ಟಾಟಾ ರೊಮಾನೆಸ್ಕೊ ಸಿಕ್ಕರೆ ಬಿಡಬೇಡಿ, ಸ್ವಲ್ಪ ದೊಡ್ಡದಾದ ಮೇಲೂ ರುಚಿ ಉಳಿಸಿಕೊಳ್ಳುವುದು ಅದರ ಹೆಚ್ಚುಗಾರಿಕೆ. ಪೂಸಾ ಅಲಂಕಾರ್ ಒಳ್ಳೆಯದೇ, ಆದರೆ ಹೈಬ್ರಿಡ್, ಅದರ ಬೀಜ ಕೂಡಿಡಬೇಡಿ. ಒಂದೇ ಸಲದ ಪ್ರದರ್ಶನಕ್ಕಾದರೆ ಹೈಬ್ರಿಡ್ ಆದರೂ ಅಡ್ಡಿಯಿಲ್ಲ.

ಕೇವಲ ಉದ್ದ ಮುಖ್ಯವಾದರೆ ನನ್ನ ಒಲವು ಟ್ರೊಂಬೊಂಚಿನೊ ಕಡೆಗೆ. ಇದೂ ಇಟಲಿಯದು, ಎಳೆಯದನ್ನು ಜುಕಿನಿಯಂತೆಯೇ ಅಡುಗೆಗೆ ಬಳಸುತ್ತಾರೆ, ಪ್ರಭೇದ ಮಾತ್ರ ನಮ್ಮ ಸಿಹಿಗುಂಬಳದ್ದು. ಹಾಗಾಗಿ ಬಿಸಿಲನ್ನೂ ಬೂದಿ ರೋಗವನ್ನೂ ಜುಕಿನಿಗಿಂತ ಚೆನ್ನಾಗಿ ತಡೆಯುತ್ತದೆ, ಚಪ್ಪರದಿಂದ ಇಳಿಬಿಟ್ಟರೆ ಕಾಯಿ ಒಂದು ಮೀಟರ್‌ವರೆಗೂ ಬೆಳೆಯುತ್ತದೆ. ಬಳ್ಳಿಗೆ ಜಾಗ ಬೇಕು, ಮತ್ತು ಊರಿನ ಸಿಹಿಗುಂಬಳದೊಂದಿಗೆ ಸರಾಗವಾಗಿ ಬೆರೆಯುವುದರಿಂದ ಬೀಜ ಉಳಿಸಲು ಹೂ ಕಟ್ಟಿ ಕಾಯಬೇಕು. ವಿಜಯಪುರ, ಬಾಗಲಕೋಟೆ ಕಡೆಯ ಓದುಗರಿಗೆ ಜುಕಿನಿಗಿಂತ ಇದು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ.

ಬೀಜವನ್ನು ಪರವಾನಗಿ ಇರುವ ಅಂಗಡಿಯಲ್ಲೇ ರಸೀದಿ ಸಹಿತ ಕೊಳ್ಳಿ. ಬೈಲಹೊಂಗಲದವರಿಗೆ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ ಹತ್ತಿರ, ಗೋಕಾಕ ಕಡೆಯವರಿಗೆ ಅರಭಾವಿಯ ತೋಟಗಾರಿಕಾ ಮಹಾವಿದ್ಯಾಲಯವಿದೆ, ಬಾಗಲಕೋಟೆಯಲ್ಲಿ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವೇ ಇದೆ. ಬಿತ್ತನೆಗೆ ಎರಡು ತಿಂಗಳು ಮುಂಚೆ ಇಲ್ಲಿ ವಿಚಾರಿಸಿದರೆ ಯಾವ ತಳಿ ಎಲ್ಲಿ ದೊರೆಯುತ್ತದೆ ಎಂದು ತಿಳಿಯುತ್ತದೆ. ಪೊಟ್ಟಣದ ಮೇಲೆ ತಳಿಯ ಹೆಸರು, ಲಾಟ್ ಸಂಖ್ಯೆ, ಮೊಳಕೆಯ ಶೇಕಡಾವಾರು, ಪರೀಕ್ಷೆಯ ದಿನಾಂಕ, ಅವಧಿ ಮುಗಿಯುವ ದಿನಾಂಕ ಇರಬೇಕು. ಎಫ್1 ಎಂದಿದ್ದರೆ ಹೈಬ್ರಿಡ್. ಬೀಜಕ್ಕೆ ಬಣ್ಣದ ಪುಡಿ ಹಚ್ಚಿದ್ದರೆ ಅದು ಶಿಲೀಂಧ್ರನಾಶಕ, ಮಕ್ಕಳ ಕೈಗೆ ಸಿಗದಂತೆ ಇಡಿ. ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿನ ಜಾಗದಲ್ಲಿಟ್ಟರೆ ಒಂದು ವಾರದಲ್ಲಿ ಗುಣ ಗೊತ್ತಾಗುತ್ತದೆ, ಎಂಟಾದರೂ ಮೊಳೆಯಬೇಕು.

ಕೊಳೆತ ಹೀಚುಗಳ ಮಾತಿಗೆ ಬರುತ್ತೇನೆ. ಹೆಬ್ಬೆರಳಿನಷ್ಟಾಗಿ ತುದಿ ಹಳದಿಯಾಗಿ ಮೆತ್ತಗಾಗುವುದು ಹೆಚ್ಚಾಗಿ ರೋಗವಲ್ಲ, ಪರಾಗ ಸಾಲದೆ ಆದದ್ದು. ಜುಕಿನಿಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇರುತ್ತದೆ, ಗಂಡು ಹೂವಿಗೆ ಬರಿಯ ತೊಟ್ಟು. ಹೂ ನಸುಕಿನಲ್ಲಿ ಅರಳಿ ಬಿಸಿಲೇರುವ ಹೊತ್ತಿಗೆ ಮುದುಡುತ್ತದೆ. ಪರಾಗ ಅಂಟಂಟು, ಗಾಳಿಗೆ ಹಾರದು, ಜೇನು ಬಂದೇ ತರಬೇಕು. ನೀವು ಮಾರ್ಚ್ ಕೊನೆಯಲ್ಲಿ ಊರಿದ್ದರಿಂದ ಹೂ ಬಂದದ್ದು ಮೇ ತಿಂಗಳ ಸುಡು ಬಿಸಿಲಿನಲ್ಲಿ. 35 ಡಿಗ್ರಿ ದಾಟಿದರೆ ಪರಾಗದ ಕಸುವು ಹೋಗುತ್ತದೆ, ಉಷ್ಣಕ್ಕೆ ಗಂಡು ಹೂಗಳೇ ಹೆಚ್ಚಾಗಿ ಹೆಣ್ಣು ಹೂ ಕಡಿಮೆಯಾಗುತ್ತವೆ. ಬೆಳಿಗ್ಗೆ ಕೀಟನಾಶಕ ಸಿಂಪಡಿಸುವ ಅಭ್ಯಾಸವಿದ್ದರೆ ನಿಲ್ಲಿಸಿ, ಜೇನು ಬರುವ ಹೊತ್ತು ಅದು.

ಕಾಯಿ ಅರ್ಧ ಬೆಳೆದ ಮೇಲೆ ತುದಿಯಲ್ಲಿ ಕಪ್ಪು, ಕುಳಿಬಿದ್ದ ಕಲೆ ಬಂದರೆ ಕಾರಣ ಬೇರೆ, ಅದು ಸುಣ್ಣದಂಶ ಕಾಯಿಯ ತುದಿಗೆ ತಲುಪದೆ ಆಗುವಂಥದ್ದು. ನಮ್ಮ ಎರೆ ಮಣ್ಣಿನಲ್ಲಿ ಸುಣ್ಣದ ಹರಳುಗಳೇ ಕಾಣುತ್ತವೆ, ಮತ್ತೆ ಸುಣ್ಣ ಸುರಿದರೆ ಪ್ರಯೋಜನವಿಲ್ಲ. ಸುಣ್ಣ ಗಿಡದೊಳಗೆ ಸಾಗುವುದು ನೀರಿನ ಜೊತೆ. ನಾಲ್ಕು ದಿನ ಒಣಗಿಸಿ ಐದನೆಯ ದಿನ ಕಾಲುವೆ ತುಂಬ ಬಿಟ್ಟರೆ ಅದು ತುದಿಯವರೆಗೆ ಹೋಗುವುದಿಲ್ಲ. ಹನಿ ನೀರಾವರಿಯಲ್ಲಿ ದಿನವೂ ಸಮನಾಗಿ ಕೊಡಿ. ಕಾಯಿಯ ಮೇಲೆ ಸೂಜಿ ಚುಚ್ಚಿದಂಥ ಗುರುತಿದ್ದು ಒಳಗೆ ಹುಳ ಕಂಡರೆ ಹಣ್ಣಿನ ನೊಣದ ಕೆಲಸ, ಗಂಡು ನೊಣಗಳನ್ನು ವಾಸನೆಯಿಂದ ಸೆಳೆದು ಹಿಡಿಯುವ ಕ್ಯೂಲ್ಯೂರ್ ಬಲೆ ಕಟ್ಟಿ, ಹುಳ ಬಿದ್ದ ಕಾಯಿಗಳನ್ನು ಆಳವಾಗಿ ಹೂಳಿ.

ಜಿಬ್ಬರೆಲಿಕ್ ಆಮ್ಲಕ್ಕೆ ಹಣ ಹಾಕಬೇಡಿ. ಈ ಕುಟುಂಬದ ಗಿಡಗಳಲ್ಲಿ ಅದು ಗಂಡು ಹೂಗಳನ್ನು ಹೆಚ್ಚಿಸುತ್ತದೆ, ಗಿಡವನ್ನು ಸೊರಗಿದಂತೆ ಉದ್ದ ಎಳೆಯುತ್ತದೆ. ದ್ರಾಕ್ಷಿ ಬೆಳೆಯುವ ವಿಜಯಪುರದ ಕಡೆ ಅದರ ಬಳಕೆ ಇರುವುದರಿಂದ ಅಂಗಡಿಯವರು ಎಲ್ಲಕ್ಕೂ ಅದನ್ನೇ ಹೇಳುತ್ತಾರೆ. ಯೂರಿಯಾ ಹೆಚ್ಚು ಹಾಕಿದರೂ ಎಲೆ ಮಾತ್ರ ಸೊಂಪಾಗುತ್ತದೆ.

ಎಲೆಯ ನರಗಳ ನಡುವೆ ಬೆಳ್ಳಿಬಣ್ಣದ ಮಚ್ಚೆ ಕಂಡು ಬೂದಿ ರೋಗವೆಂದು ಹೆದರಬೇಡಿ, ಅನೇಕ ಜುಕಿನಿ ತಳಿಗಳಿಗೆ ಅದು ಹುಟ್ಟುಗುಣ. ಬೆರಳಿನಿಂದ ಒರೆಸಿದರೆ ಪುಡಿ ಅಂಟಿದರೆ ಮಾತ್ರ ರೋಗ. ಆಗ ಗಂಧಕ ಬಳಸುವುದಾದರೆ ತಂಪು ಹೊತ್ತಿನಲ್ಲಿ, ಲೇಬಲ್ ಹೇಳಿದಷ್ಟೇ ಬಳಸಿ. ಬಿಸಿಲಿನಲ್ಲಿ ಈ ಗಿಡಗಳ ಎಲೆಯನ್ನು ಅದು ಸುಡುತ್ತದೆ.

ನಿಮ್ಮ ಭಾಗಕ್ಕೆ ಬಿತ್ತನೆಯ ಹೊತ್ತು ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ. ವಿಜಯಪುರ, ಬಾಗಲಕೋಟೆಗಳಲ್ಲಿ ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ. 18ರಿಂದ 27 ಡಿಗ್ರಿ ಈ ಗಿಡಕ್ಕೆ ಸುಖದ ಹವೆ, ನಮ್ಮ ಚಳಿಗಾಲ ಅದಕ್ಕೆ ಹತ್ತಿರ. ಎರೆ ಮಣ್ಣಿನಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಎತ್ತರದ ಮಡಿ ಮಾಡಿ. ಪ್ರದರ್ಶನದ ಗಿಡಗಳಿಗೆ ಸುತ್ತ ಒಂದೂಕಾಲು ಮೀಟರ್ ಜಾಗ ಬಿಡಿ, ಪ್ರತಿ ಗುಂಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ನಾಲ್ಕು ಕಿಲೋದಷ್ಟು ಹಾಕಿ. ಗಿಡ ಹತ್ತು ಹನ್ನೆರಡು ಎಲೆ ತುಂಬಿಕೊಳ್ಳುವವರೆಗೆ ಬಂದ ಹೀಚುಗಳನ್ನೆಲ್ಲ ಚಿವುಟಿ. ಆಮೇಲೆ ಬರುವ ನೀಟಾದ ಒಂದು ಹೆಣ್ಣು ಹೂವನ್ನು ಆರಿಸಿ, ಬೆಳಿಗ್ಗೆ ಆರರಿಂದ ಎಂಟರೊಳಗೆ ಎರಡು ಮೂರು ಗಂಡು ಹೂ ಕಿತ್ತು ದಳ ಸುಲಿದು ಅದರ ಒಳಗೆ ಚೆನ್ನಾಗಿ ಮುಟ್ಟಿಸಿ. ಮುಂದೆ ಆ ಒಂದೇ ಕಾಯಿ ಉಳಿಸಿ, ಉಳಿದದ್ದನ್ನು ಹೂವಾಗಿದ್ದಾಗಲೇ ತೆಗೆಯುತ್ತಿರಿ, ಆ ಹೂಗಳ ಬಜಿ ಚೆನ್ನಾಗಿರುತ್ತದೆ. ಕಾಯಿಯ ಕೆಳಗೆ ಒಣ ಹುಲ್ಲು ಹಾಸಿ.

ಬೀಜಕ್ಕೂ ಒಂದು ಕಾಯಿ ಬೇಕೆಂದರೆ, ಪ್ರದರ್ಶನಕ್ಕೆ ಕೊಯ್ಯುವ ಕಾಯಿಯಲ್ಲಿ ಬೀಜ ಪೂರ್ತಿ ಬಲಿತಿರುವುದಿಲ್ಲ, ಅದಕ್ಕೆ ಬೇರೆ ಗಿಡ ಇಡಿ. ಹಿಂದಿನ ಸಂಜೆಯೇ ನಾಳೆ ಅರಳುವ ಗಂಡು ಹೆಣ್ಣು ಮೊಗ್ಗುಗಳ ತುದಿಯನ್ನು ದಾರದಿಂದ ಕಟ್ಟಿ, ಬೆಳಿಗ್ಗೆ ಬಿಚ್ಚಿ ಮುಟ್ಟಿಸಿ ಹೆಣ್ಣು ಹೂವನ್ನು ಮತ್ತೆ ಕಟ್ಟಿ. ಬೀಜೋತ್ಪಾದನೆಯಲ್ಲಿ ಅರ್ಧದಿಂದ ಒಂದು ಕಿಲೋಮೀಟರ್ ಅಂತರ ಬಿಡುತ್ತಾರೆ, ಹಿತ್ತಲಿನಲ್ಲಿ ಅದಾಗದು, ಈ ದಾರವೇ ನಿಮ್ಮ ಬೇಲಿ. ದೊಡ್ಡ ಕಾಯಿಯ ಬೀಜವಾದ್ದರಿಂದಲೇ ದೊಡ್ಡ ಕಾಯಿ ಬರುವುದಿಲ್ಲ, ಗೊಬ್ಬರ ಹೆಚ್ಚು ಬಿದ್ದ ಮೂಲೆಯ ಕಾಯಿಯೂ ದೊಡ್ಡದಿರುತ್ತದೆ. ಒಂದೇ ಆರೈಕೆಯಲ್ಲಿ ಬೆಳೆದ ಗಿಡಗಳ ಪೈಕಿ ಚೆನ್ನಾಗಿ ಬಂದದ್ದನ್ನು ಆರಿಸಿ. ಉಗುರು ಇಳಿಯದಷ್ಟು ಸಿಪ್ಪೆ ಗಟ್ಟಿಯಾಗುವವರೆಗೆ, ಹೂವಿನಿಂದ ಸುಮಾರು ಎರಡು ತಿಂಗಳು ಗಿಡದಲ್ಲೇ ಬಿಟ್ಟು, ಕೊಯ್ದು ಮತ್ತೆ ಎರಡು ಮೂರು ವಾರ ನೆರಳಿನಲ್ಲಿಟ್ಟು ಬೀಜ ತೆಗೆಯಿರಿ.

ಪ್ರದರ್ಶನದ ದಿನಾಂಕ ತಿಳಿದ ಕೂಡಲೇ ಹಿಂದಕ್ಕೆ ಎಣಿಸಿ. ಬೀಜದಿಂದ ಹೂವಿಗೆ ಸುಮಾರು ನಲವತ್ತೈದು ದಿನ, ಹೂವಿನಿಂದ ತೋಳುದ್ದದ ಕಾಯಿಗೆ ಇಪ್ಪತ್ತೈದರಿಂದ ಮೂವತ್ತು ದಿನ. ಮೂರು ಗಿಡಗಳನ್ನು ವಾರ ವಾರದ ಅಂತರದಲ್ಲಿ ಊರಿದರೆ ಒಂದಲ್ಲ ಒಂದು ಹದಕ್ಕೆ ಬಂದಿರುತ್ತದೆ. ಒಯ್ಯುವ ದಿನ ಬೆಳಿಗ್ಗೆ ನಾಲ್ಕು ಬೆರಳು ತೊಟ್ಟು ಬಿಟ್ಟು ಚಾಕುವಿನಿಂದ ಕೊಯ್ಯಿರಿ, ತೊಟ್ಟು ಹಿಡಿದು ಎತ್ತಬೇಡಿ, ಗೋಣಿಚೀಲದ ಮೇಲೆ ಮಲಗಿಸಿ ಒಯ್ಯಿರಿ. ಪ್ರದರ್ಶನ ಮುಗಿದ ಮೇಲೆ ಸಿಪ್ಪೆ ಹೆರೆದು, ಬೀಜದ ಭಾಗ ತೋಡಿ ತೆಗೆದು, ತುದಿಯ ರುಚಿ ನೋಡಿ ಕಹಿಯಿಲ್ಲದಿದ್ದರೆ ತುರಿದು ಥಾಲಿಪಟ್ಟಿನ ಹಿಟ್ಟಿಗೆ ಸೇರಿಸಿ, ನೀರು ಹಾಕದೆಯೇ ಹಿಟ್ಟು ಕಲಸಲು ಬರುತ್ತದೆ.